ಏಳನೇ ವಿಷಯದಲ್ಲಿ ಬಿಟ್ಟುಹೋದ ಮಾತು

ಹೊಸ ಸಹಾಯಕಿ ಹಾಜರಾದ ಬೆಳಿಗ್ಗೆ ಆಕೆಯ ಮೇಜು ಕುರ್ಚಿ ಒರೆಸಿಕೊಟ್ಟವಳು ನಾನೇ. ಅಟೆಂಡರ್ ರಜೆಯಲ್ಲಿದ್ದ. ಮೇಜಿನ ಮೇಲಿದ್ದ ನನ್ನ ಕಡತಗಳನ್ನು ಎತ್ತಿ ಕಿಟಕಿ ಪಕ್ಕದ ಕಂಪ್ಯೂಟರ್ ಟೇಬಲ್ಲಿಗೆ ಸಾಗಿಸಲು ನಾಲ್ಕು ಸಲ ಓಡಾಡಬೇಕಾಯಿತು. ಎರಡನೇ ಸಲಕ್ಕೆ ಆಕೆಯೂ ಎದ್ದು ಬಂದು ಕೈ ಹಚ್ಚಿದಳು. "ಇರಲಿ ಬಿಡ್ರಿ ಮೇಡಂ, ನಿಮಗ್ಯಾಕ ತ್ರಾಸ" ಎಂದೆ. ಕೇಳಿದವರಿಗೆ ಅದು ಮರ್ಯಾದೆಯ ಮಾತಾಗಿ ಕೇಳಿಸಿರಬೇಕು. ನನ್ನ ಕಡತಗಳನ್ನು ಆಕೆ ಮುಟ್ಟುವುದು ನನಗೆ ಬೇಕಿರಲಿಲ್ಲ, ಅಷ್ಟೇ.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಊರುಗಳಲ್ಲಿ ಒಂದರ ಪುರಸಭೆ ನಮ್ಮದು. ಯಾವುದೆಂದು ಬರೆಯುವುದಿಲ್ಲ, ನಾನು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದೇನೆ. ಸಭಾ ಶಾಖೆಯದು ನೋಡುವವರಿಗೆ ಸಣ್ಣ ಕೆಲಸ. ಸದಸ್ಯರಿಗೆ ಸಭೆಯ ನೋಟಿಸ್ ಮುಟ್ಟಿಸಬೇಕು, ಯಾವ ಯಾವ ವಿಷಯ ಚರ್ಚೆಗೆ ಬರುತ್ತದೆಂದು ಕಾರ್ಯಸೂಚಿ ತಯಾರಿಸಬೇಕು, ಸಭೆಯಲ್ಲಿ ಯಾರು ಏನು ಹೇಳಿದರು, ಕೊನೆಗೆ ಏನು ಠರಾವಾಯಿತು ಎಂದು ಬರೆದು ನಡಾವಳಿ ಪುಸ್ತಕಕ್ಕೆ ಏರಿಸಬೇಕು. ಊರಲ್ಲಿ ಒಂದು ಚರಂಡಿ ಕಟ್ಟಬೇಕಾದರೂ ಆ ಪುಸ್ತಕದಲ್ಲಿ ಒಂದು ಸಾಲು ಇರಲೇಬೇಕು.

ಈ ಶಾಖೆಯ ಸಹಾಯಕರ ಹುದ್ದೆ ಬಹಳ ವರ್ಷ ಖಾಲಿ ಬಿದ್ದಿತ್ತು. ನಾನು ಹೊರಗುತ್ತಿಗೆಯ ಮೇಲಿರುವ ಟೈಪಿಸ್ಟ್. ಕಾಗದದ ಪ್ರಕಾರ ಕೊಟ್ಟದ್ದನ್ನು ಟೈಪ್ ಮಾಡುವುದಷ್ಟೇ ನನ್ನ ಕೆಲಸ. ಆದರೆ ಕೊಡುವವರು ಯಾರೂ ಇರಲಿಲ್ಲವಾದ್ದರಿಂದ ಸಭೆಯ ದಿನ ಹಿಂದಿನ ಸ್ಟೂಲಿನ ಮೇಲೆ ಕೂತು ಟಿಪ್ಪಣಿ ಮಾಡುವುದೂ ನಾನೇ, ಅದನ್ನು ಠರಾವಿನ ಭಾಷೆಗೆ ತಿರುಗಿಸುವುದೂ ನಾನೇ ಆಗಿದ್ದೆ. ಕಿಣ್ಣಿ ಸುಲ್ತಾನದ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿತವಳು. ಮನೆಯ ಮಾತು ಉರ್ದು. ಸಭೆಯಲ್ಲಿ ಸದಸ್ಯರು ಯಾವ ಭಾಷೆಗೆ ಜಾರಿದರೂ ನನ್ನ ಪೆನ್ನು ನಿಲ್ಲುತ್ತಿರಲಿಲ್ಲ. ಆ ಹುದ್ದೆಯ ಪರೀಕ್ಷೆಯನ್ನು ಎರಡು ಸಲ ಬರೆದು ಎರಡು ಸಲವೂ ಪಾಸಾಗಿರಲಿಲ್ಲ. ಮೂರನೇ ಸಲಕ್ಕೆ ವಯಸ್ಸು ಮೀರಿತ್ತು.

ಆಕೆ ಮೊದಲ ಸಲಕ್ಕೇ ಪಾಸಾಗಿ ಬಂದಿದ್ದಳು. ಕರಜಗಿಯವಳು. ಬೌದ್ಧರ ಮನೆ, ತಂದೆ ತಾಯಿ ಇಬ್ಬರೂ ಮಂದಿಯ ಹೊಲದಲ್ಲಿ ಕಬ್ಬು ಕಡಿದು ಓದಿಸಿದವರು. ಇದು ಗೊತ್ತಾದಾಗ ನನಗೆ ಇನ್ನೂ ಕಷ್ಟವಾಯಿತು. ಸಾಹುಕಾರರ ಮನೆ ಹುಡುಗಿಯಾಗಿದ್ದರೆ, ಯಾರದೋ ಶಿಫಾರಸಿನಿಂದ ಬಂದಿದ್ದರೆ, ಬೈದುಕೊಂಡು ಹಗುರಾಗಬಹುದಿತ್ತು. ಆಕೆಯಲ್ಲಿ ಬೈಯುವಂಥದ್ದು ಏನೂ ಸಿಗಲಿಲ್ಲ.

"ಆಪಾ ಅನ್ಲೇನ್ರಿ ನಿಮಗ, ಇಲ್ಲಾ ಅಕ್ಕಾರ ಅನ್ಲಿ?" ಎಂದು ಮೊದಲ ದಿನವೇ ಕೇಳಿದಳು.

"ನಿಮಗ ಹ್ಯಾಂಗ ಬರ್ತದೋ ಹಂಗ ಅನ್ರಿ."

"ಹಂಗಾದ್ರ ಅಕ್ಕಾರ. ನನಗ ಈ ಕೆಲಸದಾಗ ಏನೂ ಗೊತ್ತಿಲ್ರಿ ಅಕ್ಕಾರ. ನೀವು ಹೇಳಿದ್ರ ಕಲೀತೇನಿ."

ಕಲಿಸಿದೆ. ನೋಟಿಸ್ ಮುಟ್ಟಿದ ದಿನವನ್ನೂ ಸಭೆ ನಡೆಯುವ ದಿನವನ್ನೂ ಬಿಟ್ಟು ದಿನ ಎಣಿಸಬೇಕು ಎಂದು ಹೇಳಿಕೊಟ್ಟೆ. ಮನೆಯಲ್ಲಿ ಇಲ್ಲದ ಸದಸ್ಯರಿಗೆ ನೋಟಿಸ್ ಮುಟ್ಟಿಸಿದ್ದಕ್ಕೆ ಪುರಾವೆ ಹೇಗೆ ಇಡಬೇಕು, ಅಧ್ಯಕ್ಷರ ಅಪ್ಪಣೆಯ ಮೇಲೆ ಕೊನೆಗೆ ಬರುವ ವಿಷಯಗಳನ್ನು ಹೇಗೆ ಬರೆಯಬೇಕು, ಎಲ್ಲವನ್ನೂ. ಆಕೆ ಒಂದು ಸಲ ಕೇಳಿದ್ದನ್ನು ಎರಡನೇ ಸಲ ಕೇಳುತ್ತಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಸದಸ್ಯರು ಬಾಗಿಲಲ್ಲಿ ನಿಂತು "ಆಪಾ, ನಮ್ಮ ವಾರ್ಡಿನ ವಿಷಯ ಹಾಕಿದ್ರೇನು?" ಎಂದು ನನ್ನನ್ನು ಕೇಳುವುದು ನಿಂತುಹೋಯಿತು. ಸೀದಾ ಆಕೆಯ ಮೇಜಿಗೆ ಹೋಗುತ್ತಿದ್ದರು. ಮುಖ್ಯಾಧಿಕಾರಿಗಳು ಒಳಗಿನಿಂದ ಬೆಲ್ ಒತ್ತಿ "ಸಭಾ ಶಾಖೆ ಮೇಡಂನ ಕರೀರಿ" ಎಂದಾಗ ಅಭ್ಯಾಸಬಲದಿಂದ ನಾನು ಅರ್ಧ ಏಳುತ್ತಿದ್ದೆ. ಮತ್ತೆ ಕೂರುತ್ತಿದ್ದೆ.

ಒಂದು ಮಧ್ಯಾಹ್ನ ನಾಲ್ಕು ಜನರಿದ್ದಾಗ ಆಕೆ ಹಳೆಯ ನಡಾವಳಿಯ ಒಂದು ಪುಟ ತೆರೆದು ನನ್ನ ಹತ್ತಿರ ತಂದಳು.

"ಅಕ್ಕಾರ, ಇಲ್ಲಿ ಸರ್ವಾನುಮತದಿಂದ ಅಂತ ಅದ. ಮ್ಯಾಲೆ ನೋಡಿದ್ರ ಇಬ್ಬರು ವಿರೋಧ ಮಾಡ್ಯಾರ. ಸರ್ವಾನುಮತ ಹ್ಯಾಂಗಾಗ್ತದ್ರಿ? ಬಹುಮತ ಆಗಬೇಕಲ್ರಿ?"

ಆಕೆ ನನ್ನನ್ನು ಸಣ್ಣವಳನ್ನಾಗಿ ಮಾಡಲು ಕೇಳಿರಲಿಲ್ಲ, ನಿಜಕ್ಕೂ ತಿಳಿಯಲು ಕೇಳಿದ್ದಳು. ಅಲ್ಲಿದ್ದ ಒಬ್ಬ ಸದಸ್ಯರು ಮಾತ್ರ ನಕ್ಕು, "ಆಪಾ ಇಷ್ಟು ದಿನ ನಮ್ಮನ್ನೆಲ್ಲಾ ಒಂದಽ ಮಾಡಿ ಇಟ್ಟಿದ್ದಳು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ವಾರವೇ ನನ್ನ ಮಗಳು ಮನೆಗೆ ಬಂದವಳು ಸಹಾಯಕಿ ಕೊಟ್ಟ ಪರೀಕ್ಷೆಯ ಎರಡು ಪುಸ್ತಕ ತೋರಿಸಿ, "ಅಮ್ಮಿ, ನಾನೂ ಆ ಮೇಡಂ ಹಂಗ ಆಗ್ತೇನಿ" ಎಂದಳು. ಇಷ್ಟು ವರ್ಷ ಶಾಲೆ ಬಿಟ್ಟ ಮೇಲೆ ಆಫೀಸಿಗೆ ಬಂದು ನನ್ನ ಪಕ್ಕ ಕೂತು ಹೋಂವರ್ಕ್ ಮಾಡುತ್ತಿದ್ದ ಮಗಳು. ಒಂದು ದಿನವೂ ನನ್ನ ಹಾಗೆ ಆಗುತ್ತೇನೆ ಅಂದಿರಲಿಲ್ಲ. ಆ ಸಂಜೆ ರೊಟ್ಟಿ ಬಡಿಯುತ್ತ ಹಂಚಿನ ಮೇಲೆ ಎರಡು ರೊಟ್ಟಿ ಸುಟ್ಟೆ.

ಇಷ್ಟರಲ್ಲಿ ಸಾಮಾನ್ಯ ಸಭೆ ಬಂತು. ಆಕೆಗೆ ಅದು ಮೊದಲನೆಯದು. ಮುಖ್ಯಾಧಿಕಾರಿಗಳ ಪಕ್ಕದ ಕುರ್ಚಿ ಆಕೆಗೆ, ಹಿಂದಿನ ಸ್ಟೂಲು ನನಗೆ. ನಾನು ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಬರೆಯದೆ ಕೂರುವುದು ಗೊತ್ತಿಲ್ಲದ್ದಕ್ಕೆ ನನ್ನ ನೋಟ್‌ಬುಕ್ಕು ಒಯ್ದಿದ್ದೆ.

ಏಳನೇ ವಿಷಯ ಬಸ್ ನಿಲ್ದಾಣದ ಬದಿಯ ಪುರಸಭೆ ಜಾಗದ್ದು. ಅಲ್ಲಿ ಹೆಣ್ಣುಮಕ್ಕಳು ನೆಲದ ಮೇಲೆ ಗೋಣಿತಟ್ಟು ಹಾಸಿ ಕಾಯಿಪಲ್ಲೆ ಮಾರುತ್ತಾರೆ. ಅವರನ್ನು ಎಬ್ಬಿಸಿ ಮಳಿಗೆ ಕಟ್ಟಬೇಕೆಂಬುದು ಪ್ರಸ್ತಾವ. ಅದನ್ನು ಓದುವ ಹೊತ್ತಿಗೆ ಆರನೇ ವಿಷಯದ ಬೀದಿದೀಪದ ಜಗಳ ಇನ್ನೂ ಮುಗಿದಿರಲಿಲ್ಲ. ಇಬ್ಬರು ಸದಸ್ಯರು ನಿಂತೇ ಇದ್ದರು, ಮಾತಿನ ಮೇಲೆ ಮಾತು ಬೀಳುತ್ತಿತ್ತು. ಆ ಗದ್ದಲದಲ್ಲಿ ಆ ವಾರ್ಡಿನ ಸದಸ್ಯೆ ಎದ್ದರು. ಅವರಿಗೆ ಕನ್ನಡ ಬರುತ್ತದೆ, ಸಿಟ್ಟು ಬಂದರೆ ಉರ್ದುವಿಗೆ ಹೋಗುತ್ತಾರೆ. "ಪೈಲೆ ಉನ್ಕೊ ಜಗಾ ದೇವ್, ಬಾದ್ ಮೇ ಉಠಾವ್. ನೈ ತೋ ಮೈ ನೈ ಮಾನ್ತಿ" ಎಂದರು. ಮೊದಲು ಅವರಿಗೆ ಬೇರೆ ಜಾಗ ಕೊಡಿ, ಆಮೇಲೆ ಎಬ್ಬಿಸಿ, ಇಲ್ಲದಿದ್ದರೆ ನಾನು ಒಪ್ಪುವುದಿಲ್ಲ ಎಂದು. ಅಧ್ಯಕ್ಷರು ಬೀದಿದೀಪದವರನ್ನು ಕೈಸನ್ನೆಯಿಂದ ಕೂರಿಸುತ್ತ, "ಆತು, ಹಂಗಽ ಆಗ್ಲಿ, ಬರ್ಕೋರಿ. ಮುಂದಿಂದು ಓದ್ರಿ" ಎಂದರು.

ನಾನು ಬರೆದುಕೊಂಡೆ: ಪರ್ಯಾಯ ಜಾಗ ಕೊಟ್ಟ ನಂತರವೇ ತೆರವು, ಅಧ್ಯಕ್ಷರ ಒಪ್ಪಿಗೆ. ತಲೆ ಎತ್ತಿದಾಗ ಸಹಾಯಕಿ ಇನ್ನೂ ಆರನೇ ವಿಷಯದ ಸಾಲು ಮುಗಿಸುತ್ತಿದ್ದಳು.

ಮರುದಿನ ಆಕೆ ಕೈಯಲ್ಲಿ ಬರೆದ ಕರಡನ್ನು ಟೈಪಿಗೆ ತಂದುಕೊಟ್ಟಳು. ಅಕ್ಷರ ದುಂಡಗಿದ್ದವು. ಏಳನೇ ವಿಷಯದ ಕೆಳಗೆ ಎರಡೇ ಸಾಲು: ಪ್ರಸ್ತಾವವನ್ನು ಮಂಡಿಸಲಾಯಿತು, ಸಭೆಯು ಅನುಮೋದಿಸಿ ಮುಂದಿನ ಕ್ರಮಕ್ಕೆ ಮುಖ್ಯಾಧಿಕಾರಿಗಳಿಗೆ ಅಧಿಕಾರ ನೀಡಿತು.

"ಎಲ್ಲಾ ಬರೋಬ್ಬರಿ ಅದ ಏನ್ರಿ ಅಕ್ಕಾರ? ಗದ್ಲದಾಗ ಏನರೆ ಬಿಟ್ಟಿದ್ರ ಹೇಳ್ರಿ. ನಿಮ್ಮ ಕಿವಿಗೆ ಬಿದ್ದಷ್ಟು ನನ್ನ ಕಿವಿಗೆ ಬಿದ್ದಿಲ್ಲ."

ನನ್ನ ನೋಟ್‌ಬುಕ್ಕು ಮೊಳಕಾಲ ಮೇಲಿತ್ತು.

"ಬರೋಬ್ಬರಿ ಅದರಿ" ಎಂದೆ.

ಆ ಎರಡು ಸಾಲನ್ನು ನನ್ನ ಕೈಯಾರೆ ಟೈಪ್ ಮಾಡಿದೆ. ಅಂದುಕೊಂಡದ್ದು ಇಷ್ಟು: ಮುಂದಿನ ಸಭೆಯಲ್ಲಿ ನಡಾವಳಿ ದೃಢೀಕರಣಕ್ಕೆ ಬಂದಾಗ ಆ ಸದಸ್ಯೆ ಎದ್ದು ನನ್ನ ಮಾತು ಎಲ್ಲಿ ಎಂದು ಕೇಳುತ್ತಾರೆ. ಆಗ ಎಲ್ಲರ ಮುಂದೆ ಈಕೆಯ ಮುಖ ಸಪ್ಪಗಾಗುತ್ತದೆ. ಆಪಾ ಇದ್ದಾಗ ಹೀಗಾಗುತ್ತಿರಲಿಲ್ಲ ಎಂದು ಒಬ್ಬರಾದರೂ ಅನ್ನುತ್ತಾರೆ. ಅಷ್ಟು ಸಾಕಿತ್ತು ನನಗೆ. ಕಾಯಿಪಲ್ಲೆಯವರ ನೆನಪು ಆಗ ನನ್ನ ತಲೆಗೆ ಬರಲೇ ಇಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರಲಿಲ್ಲ.

ಮುಂದಿನ ಸಭೆಯ ತನಕ ಕಾಯುವ ಪ್ರಸಂಗವೇ ಬರಲಿಲ್ಲ. ಮಳಿಗೆಯ ಪ್ರಸ್ತಾವದ ಹಿಂದೆ ಒಬ್ಬ ಹಿರಿಯ ಸದಸ್ಯರಿದ್ದರು. ಅಧ್ಯಕ್ಷರ ಸಹಿ ಬಿದ್ದ ಕೂಡಲೇ ಅವರು ಠರಾವಿನ ಪ್ರತಿ ಪಡೆದು ಮುಖ್ಯಾಧಿಕಾರಿಗಳ ಮುಂದೆ ಕೂತರು. ಏಳು ದಿನದಲ್ಲಿ ಜಾಗ ಖಾಲಿ ಮಾಡಬೇಕೆಂದು ನೋಟಿಸ್ ಹೊರಟಿತು. ಅದನ್ನೂ ನಾನೇ ಟೈಪ್ ಮಾಡಿದೆ.

ನೋಟಿಸ್ ಅಂಟಿಸಿದ ಮರುದಿನ ಆ ಸದಸ್ಯೆ ಶಾಖೆಗೆ ಬಂದು ಸಹಾಯಕಿಯ ಮೇಜಿನ ಮುಂದೆ ನಿಂತರು. "ನನ್ನ ಮಾತು ಎಲ್ಲಿ ನುಂಗಿದಿ? ಸಭಾದಾಗ ಅಷ್ಟು ಮಂದಿ ಮುಂದ ಹೇಳೇನಿ. ನಿನಗ ಯಾರು ಹೇಳ್ಯಾರ ಬಿಡು ಅಂತ?" ಎಂದರು. ಹಿರಿಯ ಸದಸ್ಯರೂ ಅಲ್ಲೇ ಇದ್ದರು. "ಪುಸ್ತಕದಾಗ ಏನದ ಅದೇ ಖರೇ, ಮೆಂಬರ್ ಬಾಯಿ. ಮಾತು ಎಲ್ಲಾರೂ ಆಡ್ತಾರ" ಎಂದರು.

ಸಹಾಯಕಿ ತನ್ನ ಟಿಪ್ಪಣಿಯ ಹಾಳೆಗಳನ್ನು ಹಿಂದಕ್ಕೆ ಮುಂದಕ್ಕೆ ತಿರುವಿದಳು. "ನನ್ನ ಕಡೆ ಬರ್ದಿಲ್ರಿ ಮೇಡಂ. ನೀವು ಹೇಳಿಲ್ಲ ಅಂತ ನಾ ಅನ್ನೂದಿಲ್ಲ. ನನಗ ಕೇಳಿಸಿಲ್ಲ" ಎಂದಳು. ಆಕೆ ಇನ್ನೂ ಪರೀಕ್ಷಾರ್ಥ ಅವಧಿಯಲ್ಲಿದ್ದಳು. ನಡಾವಳಿಯಲ್ಲಿ ತಪ್ಪು ಮಾಡಿದಳೆಂದು ಒಂದು ಮೆಮೊ ಬಿದ್ದರೆ ನೌಕರಿ ಕಾಯಂ ಆಗುವುದೇ ತಡವಾಗುತ್ತದೆ.

ನಾನು ಕಿಟಕಿ ಪಕ್ಕ ಕೂತು ಇದನ್ನೆಲ್ಲ ನೋಡಿದೆ. ಬೇಕೆಂದದ್ದು ಕಣ್ಣ ಮುಂದೆ ನಡೆಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅರ್ಧ ದಿನ ನನಗೆ ಸಮಾಧಾನವೇ ಇತ್ತು. ಮಧ್ಯಾಹ್ನ ಆಕೆ ಊಟದ ಡಬ್ಬಿ ತೆರೆಯಲಿಲ್ಲ. ನಾನು ನನ್ನದನ್ನು ಪೂರಾ ಉಂಡೆ.

ಸಂಜೆ ಮನೆಗೆ ಹೋಗುವಾಗ ಎಂದಿನಂತೆ ಬಸ್ ನಿಲ್ದಾಣದ ಬದಿ ಪುಂಡಿಪಲ್ಲೆ ಕೊಳ್ಳಲು ನಿಂತೆ. ನಾನು ಯಾವಾಗಲೂ ಕೊಳ್ಳುವುದು ಒಬ್ಬ ಮುದುಕಿಯ ಹತ್ತಿರ. ಅಂದು ಅವಳು ಕಟ್ಟು ಎತ್ತಿ ಕೊಡಲಿಲ್ಲ.

"ನೀ ಆಫೀಸಿನಾಕಿ ಅಲ್ಲೇನ ಬೇ? ಮೆಂಬರ್ ಬಾಯಿ ನಮ್ಮ ಪರವಾಗಿ ಹೇಳೇನಿ ಅಂತಾಳ. ಪುಸ್ತಕದಾಗ ಇಲ್ಲ ಅಂತಾರ. ನೀ ಅಲ್ಲೇ ಕೂತಿರ್ತಿ. ಹೇಳ್ಯಾಳೋ ಇಲ್ಲೋ?"

ಸುತ್ತಲಿನ ಐದಾರು ಹೆಣ್ಣುಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೇಳ್ಯಾಳ" ಎಂದೆ.

"ಮತ್ತ ಅದನ್ನ ಅಲ್ಲಿ ಹೇಳು. ಇಲ್ಲಿ ನನಗ ಹೇಳಿ ಏನ್ ಮಾಡ್ತಿ" ಎಂದಳು ಮುದುಕಿ. ಪಲ್ಲೆ ಕೊಡಲೇ ಇಲ್ಲ.

ಮರುದಿನ ಬೆಳಿಗ್ಗೆ ಕಚೇರಿ ತೆರೆಯುವುದಕ್ಕೆ ಮೊದಲೇ ಹೋಗಿ ಬಾಗಿಲಲ್ಲಿ ಕಾದೆ. ನೋಟ್‌ಬುಕ್ಕನ್ನು ಸೀದಾ ಮುಖ್ಯಾಧಿಕಾರಿಗಳಿಗೆ ಕೊಡುವುದೋ ಆಕೆಗೆ ಕೊಡುವುದೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಮುಖ್ಯಾಧಿಕಾರಿಗಳಿಗೆ ಕೊಟ್ಟರೆ ನಾನು ಊರಿನ ಮುಂದೆ ಒಳ್ಳೆಯವಳಾಗುತ್ತೇನೆ, ಆಕೆ ಪೂರಾ ಮುಳುಗುತ್ತಾಳೆ. ಆ ಆಸೆ ಬಾಗಿಲ ತನಕವೂ ಬಿಟ್ಟಿರಲಿಲ್ಲ. ಆಕೆ ಚಪ್ಪಲಿ ಕಳಚಿ ಒಳಗೆ ಬಂದಾಗ ಪುಟ ತೆರೆದು ಆಕೆಯ ಮೇಜಿನ ಮೇಲೆ ಇಟ್ಟೆ.

ಆಕೆ ಓದಿದಳು. ಹಿಂದಿನ ಪುಟ ನೋಡಿದಳು, ಮುಂದಿನದನ್ನೂ ನೋಡಿದಳು. ಆ ಸಾಲು ಆಮೇಲೆ ಸೇರಿಸಿದ್ದಲ್ಲ ಎಂಬುದು ಖಾತ್ರಿಯಾಗಿರಬೇಕು.

"ಇದು ಅವತ್ತೇ ಬರ್ದದ್ದೇನ್ರಿ?"

"ಹೌದ್ರಿ."

"ನಾ ಕೇಳಿದಾಗ ಇದು ನಿಮ್ಮ ಕಡೆ ಇತ್ತು."

"ಇತ್ರಿ."

"ಮತ್ತ ಯಾಕ ಹೇಳಲಿಲ್ರಿ ಅಕ್ಕಾರ?"

ಬೇರೆ ಉತ್ತರಗಳನ್ನು ಹೊಂದಿಸಿಕೊಂಡಿದ್ದೆ. ಮರೆತಿದ್ದೆ, ಸರಿಯಾಗಿ ನೋಡಿರಲಿಲ್ಲ, ಹೀಗೆ. ಆಕೆಯ ಮುಖ ನೋಡಿದ ಮೇಲೆ ಅವು ಬಾಯಿಗೆ ಬರಲಿಲ್ಲ. "ನೀವು ತಪ್ಪಬೇಕು ಅಂತ ಇತ್ರಿ ನನಗ" ಎಂದೆ. "ಈ ಮೇಜಿನ ಕೆಲಸ ಇಷ್ಟು ವರ್ಷ ನಾ ಮಾಡೇನಿ."

ಆಕೆ ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಳು. ಬಂದಾಗ ಮುಖ ಒದ್ದೆಯಿತ್ತು. ಕಪಾಟಿನಿಂದ ನಿಯಮಗಳ ಪುಸ್ತಕ ತೆಗೆದು ಕೂತಳು.

"ಸಹಿ ಆದ ನಡಾವಳಿ ನಾವು ತಿದ್ದಂಗಿಲ್ಲ" ಎಂದಳು, ನನ್ನನ್ನು ನೋಡದೆ. "ಅವತ್ತು ಹಾಜರಿದ್ದ ಸದಸ್ಯರು ಯಾರರೆ ಮುಂದಿನ ಸಭಾದಾಗ ತಿದ್ದುಪಡಿ ತರಬೇಕು, ಅದೂ ಲಿಖಿತ. ಅಲ್ಲೀತನಕ ನೋಟಿಸ್ ನಿಲ್ಲಬೇಕು. ಮೊದಲ ಅದನ್ನ ನಿಲ್ಲಸೂಣು."

"ಟೈಪಿನ ತಪ್ಪು ಅಂತ ಬರೀರಿ" ಎಂದೆ. "ನಾ ಬಿಟ್ಟೇನಿ ಅಂತ. ನನಗೇನು, ಹೊರಗಿನಾಕಿ."

"ನೀವು ನಾ ಬರ್ದದ್ದೇ ಟೈಪ್ ಮಾಡೀರಿ. ಒಂದು ಸುಳ್ಳು ಸಾಕ್ರಿ."

ಕಡತದಲ್ಲಿ ಆಕೆ ಬರೆದ ಟಿಪ್ಪಣಿ ಅರ್ಧ ಪುಟ: ಏಳನೇ ವಿಷಯದಲ್ಲಿ ಸದಸ್ಯೆಯವರ ಷರತ್ತನ್ನು ನಾನು ದಾಖಲಿಸಿಲ್ಲ; ಅದು ಸಭೆಯಲ್ಲಿ ಹಾಜರಿದ್ದ ಟೈಪಿಸ್ಟರ ನೋಟ್‌ಬುಕ್ಕಿನಲ್ಲಿ ದಾಖಲಾಗಿದೆ; ಈಗ ತಾಳೆ ನೋಡಲಾಗಿದೆ; ದೃಢೀಕರಣದವರೆಗೆ ತೆರವು ಕ್ರಮ ತಡೆಹಿಡಿಯಲು ಕೋರಿದೆ. ನಾನು ಎಂದು ಬರೆದಿದ್ದಳು. ನಮ್ಮ ಕಚೇರಿಯ ಕಡತಗಳಲ್ಲಿ ತಪ್ಪಾದಾಗ ಯಾರೂ ನಾನು ಎಂದು ಬರೆಯುವುದಿಲ್ಲ, ಕಣ್ತಪ್ಪಿನಿಂದ ಆಗಿದೆ ಎಂದು ಬರೆಯುತ್ತಾರೆ.

ಮುಖ್ಯಾಧಿಕಾರಿಗಳು ಅರ್ಧ ಗಂಟೆ ಬೈದರು, ಆಕೆಯನ್ನು ಮಾತ್ರ. ನಾನು ಬಾಗಿಲ ಹೊರಗೆ ನಿಂತು ಕೇಳಿದೆ. ಕೊನೆಗೆ ನೋಟಿಸ್ ತಡೆಹಿಡಿದು ಸಹಿ ಹಾಕಿದರು. ಆ ಮಧ್ಯಾಹ್ನವೇ ಸದಸ್ಯೆಯ ಮನೆಗೆ ಹೋದೆವು. ಅವರು ಉರ್ದುವಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ತಿದ್ದುಪಡಿಯ ಅರ್ಜಿ ಬರೆದೆ, ಓದಿ ಉರ್ದುವಿನಲ್ಲಿ ಒಪ್ಪಿಸಿದೆ. ಸಹಾಯಕಿ ಸುಮ್ಮನೆ ಕೂತು ಕೇಳಿದಳು. ಹೊರಗೆ ಬಂದಾಗ, "ತೆರವು ಅನ್ನೂದಕ್ಕ ಉರ್ದುದಾಗ ಏನಂತಾರ್ರಿ?" ಎಂದು ಕೇಳಿದಳು. ಹೇಳಿದೆ. ಬರೆದುಕೊಂಡಳು. ಆ ವಾರವೆಲ್ಲ ಆಕೆ ನನ್ನೊಡನೆ ಆಡಿದ್ದು ಕೆಲಸದ ಮಾತು ಮಾತ್ರ.

ಮುಂದಿನ ಸಭೆಯಲ್ಲಿ ಮೊದಲ ವಿಷಯವೇ ಹಿಂದಿನ ನಡಾವಳಿಯ ದೃಢೀಕರಣ. ಸದಸ್ಯೆ ತಿದ್ದುಪಡಿ ಮಂಡಿಸಿದರು. ಹಿರಿಯ ಸದಸ್ಯರು ಎದ್ದು, "ಹೊರಗುತ್ತಿಗೆ ಬಾಯಿ ಬರ್ದ ನೋಟ್‌ಬುಕ್ಕಿಗೆ ಏನ್ ಕಿಮ್ಮತ್ತದ? ನಾಳೆ ಚಹಾದಂಗಡಿಯವ ಬರ್ದದ್ದೂ ತರ್ತೀರೇನು?" ಎಂದರು. ಕೆಲವರು ನಕ್ಕರು. ಅಧ್ಯಕ್ಷರು ನನ್ನ ಕಡೆ ತಿರುಗಿ, "ಏನ್ ಬರ್ದೀ ಓದಮ್ಮ" ಎಂದರು. ಅಷ್ಟು ವರ್ಷ ಆ ಸಭಾಂಗಣದಲ್ಲಿ ಕೂತಿದ್ದರೂ ಒಂದು ಮಾತು ಆಡಿದವಳಲ್ಲ. ಎದ್ದು ಓದಿದೆ. ಷರತ್ತನ್ನೂ ಓದಿದೆ, ಅದಕ್ಕೆ ಮೊದಲಿನ ಬೀದಿದೀಪದ ಜಗಳವನ್ನೂ ಯಾರು ಏನಂದರೆಂದು ಇದ್ದ ಹಾಗೆ ಓದಿದೆ. ಬೀದಿದೀಪದ ಇಬ್ಬರಲ್ಲಿ ಒಬ್ಬರು, "ಖರೇ ಅದರಿ, ನಾ ಹಂಗಽ ಅಂದಿದ್ದೆ. ಹಿಂದಽ ಮೆಂಬರ್ ಬಾಯಿ ಎದ್ದಿದ್ದರು" ಎಂದರು. ಅಧ್ಯಕ್ಷರು, "ಹಂಗಽ ಆಗ್ಲಿ ಅಂತ ನಾನೂ ಅಂದೇನಿ. ತಿದ್ದುಪಡಿ ಮತಕ್ಕ ಹಾಕ್ರಿ" ಎಂದರು. ನಾಲ್ವರು ವಿರೋಧಿಸಿದರು. ಸಹಾಯಕಿ ಬಹುಮತದಿಂದ ಎಂದು ಬರೆದುಕೊಂಡಳು.

ಬಸ್ ನಿಲ್ದಾಣದ ಬದಿಯವರು ಈಗಲೂ ಅಲ್ಲೇ ಇದ್ದಾರೆ. ಪರ್ಯಾಯ ಜಾಗ ಇನ್ನೂ ಹುಡುಕುತ್ತಿದ್ದಾರೆ.

ನಾಲ್ಕು ದಿನಕ್ಕೆ ಸಹಾಯಕಿಗೆ ಮೆಮೊ ಬಂತು. ನಡಾವಳಿ ದಾಖಲಿಸುವಲ್ಲಿ ನಿರ್ಲಕ್ಷ್ಯ, ಸಮಜಾಯಿಷಿ ನೀಡಿ ಎಂದು. ಆಕೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ನಾ ಹೇಳ್ತೇನಿ, ಟೈಪ್ ಮಾಡ್ರಿ" ಎಂದಳು. ವಿಷಯ, ಉಲ್ಲೇಖ, ಎಲ್ಲ ಮುಗಿಯಿತು. ಗದ್ದಲದಲ್ಲಿ ಸದಸ್ಯೆಯವರ ಮಾತು ನನಗೆ ಕೇಳಿಸಲಿಲ್ಲ, ಕೇಳಿಸದ ಕಡೆ ಸಭೆಯನ್ನು ನಿಲ್ಲಿಸಿ ಕೇಳಿಕೊಳ್ಳಬೇಕಿತ್ತು, ಕೇಳಿಕೊಳ್ಳಲಿಲ್ಲ ಎಂದು ಹೇಳಿದಳು. ಟೈಪ್ ಮಾಡಿದೆ. ಇನ್ನು ಕರಡನ್ನು ನನಗೆ ತೋರಿಸಿ ಕೇಳಿದ ಸಂಗತಿ ಬರಬೇಕಿತ್ತು. ಆಕೆಯನ್ನು ಉಳಿಸುವುದು ಆ ಒಂದು ಸಾಲೇ ಆಗಿತ್ತು. ನನ್ನ ಬೆರಳು ಕಾದವು.

"ಆದ್ದರಿಂದ ಮನ್ನಿಸಬೇಕಾಗಿ ಕೋರುತ್ತೇನೆ" ಎಂದಳು.

"ಕರಡು ನನಗ ತೋರ್ಸಿದ್ದು?"

"ಅದು ಬ್ಯಾಡ್ರಿ."

"ಬರೀರಿ. ನಾ ಏನೂ ಅನ್ಕೊಳ್ಳೂದಿಲ್ಲ."

"ನಿಮ್ಮನ್ನ ಮಾಫ್ ಮಾಡೇನಿ ಅಂತ ತಿಳ್ಕೋಬ್ಯಾಡ್ರಿ ಅಕ್ಕಾರ" ಎಂದಳು. ದನಿ ಏರಿಸಲಿಲ್ಲ. "ಅದು ಬರ್ದ್ರ ಮೊದಲ ನಿಮ್ಮನ್ನ ತೆಗೀತಾರ. ನನಗಾದ್ರ ಬರೀ ತಡ ಆಗ್ತದ, ನೌಕರಿ ಹೋಗೂದಿಲ್ಲ. ನೀವು ಹೋದ್ರ ಈ ಕೆಲಸ ನನಗ ಕಲಿಸೋರು ಯಾರೂ ಇಲ್ಲ. ಅಷ್ಟಽ. ಪ್ರಿಂಟ್ ತೆಗೀರಿ."

ಆ ಹೊತ್ತು ಆಕೆಯ ಮೇಲೆ ನನಗೆ ಬಂದಷ್ಟು ಹೊಟ್ಟೆಕಿಚ್ಚು ಮೊದಲು ಯಾವತ್ತೂ ಬಂದಿರಲಿಲ್ಲ. ಮೇಜು, ಸದಸ್ಯರು, ಮಗಳ ಮಾತು, ಅವನ್ನೆಲ್ಲ ನನ್ನಿಂದ ಕಿತ್ತುಕೊಂಡಳೆಂದು ಇಷ್ಟು ದಿನ ಕುದಿದಿದ್ದೆ. ಈಗ ಆಕೆ ಮಾಡಿದ್ದು ನಾನೂ ಮಾಡಬಹುದಾಗಿತ್ತು, ಆದರೆ ಆ ಜಾಗದಲ್ಲಿ ನಾನಿದ್ದರೆ ಮಾಡುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಪ್ರಿಂಟ್ ತೆಗೆದು ಕೊಟ್ಟೆ. ಆಕೆ ಓದಿ, ಒಂದು ಕಡೆ ಒತ್ತಕ್ಷರ ತಪ್ಪಿದ್ದನ್ನು ಬೆರಳಿಟ್ಟು ತೋರಿಸಿದಳು.

ತಿದ್ದಿ ಇನ್ನೊಂದು ಪ್ರತಿ ತೆಗೆದೆ.